ಜಿಪ್ಸಿಯ ಹಿಂದಿನ ಆಕ್ಸಲ್‌ಗೆ ನಾನೇ ಲಾಕರ್ ಕೂರಿಸಿದೆ

ಎರಡು ಮಳೆಗಾಲದ ಹಿಂದೆ ಕನಕಪುರದ ಕಡೆ ಒಂದು ಹಳ್ಳದಲ್ಲಿ ನನ್ನ ಜಿಪ್ಸಿ ಸಿಕ್ಕಿಹಾಕಿಕೊಂಡಿತು. ಲೋ ರೇಂಜ್ (ನಿಧಾನ, ಜಾಸ್ತಿ ಬಲದ ಗೇರ್) ಹಾಕಿದ್ದೆ, ಮುಂದಿನ ಚಕ್ರಗಳಿಗೂ ಬಲ ಹೋಗುವ ಹಾಗೆ ಹಬ್ ಲಾಕ್ ಮಾಡಿದ್ದೆ. ಆದರೂ ಮುಂದಿನ ಬಲ ಚಕ್ರ, ಹಿಂದಿನ ಎಡ ಚಕ್ರ ಗಾಳಿಯಲ್ಲಿ ಸುಮ್ನೆ ಸುತ್ತುತ್ತಿದ್ದವು. ನೆಲದ ಮೇಲಿದ್ದ ಎರಡು ಅಲುಗಲಿಲ್ಲ. ಓಪನ್ ಡಿಫರೆನ್ಷಿಯಲ್‌ನ (ಆಕ್ಸಲ್‌ನ ಎರಡು ಚಕ್ರಕ್ಕೂ ಬಲ ಹಂಚುವ ಮಾಮೂಲಿ ಗೇರ್ ಜೋಡಣೆ) ಹಣೆಬರಹವೇ ಅದು. ಗಾಳಿಯಲ್ಲಿರುವ ಚಕ್ರ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೇಳುತ್ತದೋ ನೆಲದ ಚಕ್ರಕ್ಕೂ ಅಷ್ಟೇ, ಅಂದರೆ ಹೆಚ್ಚುಕಮ್ಮಿ ಏನೂ ಇಲ್ಲ. ಟ್ರ್ಯಾಕ್ಟರ್‌ನವನಿಗೆ 2,000 ಕೊಟ್ಟೆ.

‘ಏರ್ ಲಾಕರ್ ಹಾಕಿಸು, ಇಲ್ಲಾಂದ್ರೆ ಬಿಟ್ಟುಬಿಡು’ ಎಂದರು ಗೆಳೆಯರು. ಲಾಕರ್ ಅಂದರೆ ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ಸಾಧನ; ಏರ್ ಲಾಕರ್ ಬಿಗಿಯುವುದು ಗಾಳಿಯ ಒತ್ತಡದಿಂದ. ಅಷ್ಟು ದುಡ್ಡು ಇರಲಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಡಿಫರೆನ್ಷಿಯಲ್ ಹಿಡಿದೆ, 6,000ವೋ ಆರೂವರೆಯೋ. ಅದರೊಳಗೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸ್ಪೈಡರ್ ಗೇರ್‌ಗಳನ್ನು ವೆಲ್ಡ್ ಮಾಡಿಸಿ ಹಾಕಿದೆ. ಕೆಸರಲ್ಲಿ ಗಾಡಿ ನುಗ್ಗಿದ್ದೇ ನುಗ್ಗಿದ್ದು. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಅಲ್ವಾ? ವೆಲ್ಡಿಂಗ್ ಅದಕ್ಕೆ ಬಿಡುವುದಿಲ್ಲ. ಯಲಹಂಕದಲ್ಲಿ ಪ್ರತಿ ಯೂ ಟರ್ನ್‌ಗೂ ಟೈರ್ ಕಿರುಚುತ್ತಿತ್ತು. ಮೂರನೇ ವಾರ ಬಲಗಡೆ ಆಕ್ಸಲ್ ಶಾಫ್ಟ್ ತುಂಡಾಯಿತು. ಮುರಿದ ತುದಿಯಲ್ಲಿ ಸ್ಪ್ಲೈನ್ ಹಲ್ಲುಗಳು (ಶಾಫ್ಟ್ ಗೇರ್‌ಗೆ ಕಚ್ಚಿಕೊಳ್ಳುವ ಉದ್ದ ಗೀರುಗಳು) ಹಗ್ಗದ ಹಾಗೆ ತಿರುಚಿಕೊಂಡಿದ್ದವು. ಅದನ್ನು ಇನ್ನೂ ಶೆಲ್ಫ್ ಮೇಲೆ ಇಟ್ಟಿದ್ದೇನೆ.

ಆಮೇಲೆ ಲಂಚ್‌ಬಾಕ್ಸ್ ಲಾಕರ್ ತರಿಸಿದೆ; ಅದು ಸ್ಪೈಡರ್ ಗೇರ್‌ಗಳ ಜಾಗದಲ್ಲಿ ಕೂರುತ್ತದೆ, ತಿರುವಿನಲ್ಲಿ ತಾನೇ ಬಿಡುತ್ತದೆ. ಡ್ಯೂಟಿ ಎಲ್ಲ ಸೇರಿ 45,000 ಹತ್ತಿರ. ಬಂದದ್ದು 22 ಸ್ಪ್ಲೈನ್, ನನ್ನ ಆಕ್ಸಲ್‌ಗೆ ಬೇಕಿದ್ದದ್ದು 26. ಬದಲಿ ಬರಲು ಎರಡು ತಿಂಗಳು ಹಿಡಿಯಿತು, ಕೊರಿಯರ್ ಖರ್ಚು ನನ್ನದೇ. ಆರ್ಡರ್ ಮಾಡುವ ಮೊದಲು ಹಲ್ಲು ಎಣಿಸಿ. ಸುಮ್ನೆ ಮಾಡೆಲ್ ಹೆಸರು ನಂಬಬೇಡಿ.

ಆ ಎರಡು ತಿಂಗಳು ಹಳೆಯ ಓಪನ್ ಡಿಫರೆನ್ಷಿಯಲ್‌ನಲ್ಲೇ ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಒತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿದೆ. ಸುತ್ತುವ ಚಕ್ರಕ್ಕೆ ತಡೆ ಸಿಕ್ಕರೆ ಇನ್ನೊಂದಕ್ಕೂ ಟಾರ್ಕ್ ಬರುತ್ತದೆ. ಸಣ್ಣ ಗುಂಡಿಗೆ ಸಾಕು. ಟೈರ್ 18 ಪಿಎಸ್‌ಐಗೆ ಇಳಿಸಿದ್ದು ಅದಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಸರಿಯಾದ ಲಾಕರ್ ಬಂದ ಮೇಲೆ ಮೊದಲ ಸಲ ಜೋಡಿಸಿದಾಗ ಅರವತ್ತರ ವೇಗದಲ್ಲಿ ಹೌಸಿಂಗ್ (ಡಿಫರೆನ್ಷಿಯಲ್ ಇರುವ ಕವಚ) ಕೊಯ್ಯೋ ಅನ್ನುತ್ತಿತ್ತು. ಬೇರಿಂಗ್ ಕ್ಯಾಪ್‌ಗೆ ಗುರುತು ಹಾಕದೆ ಬಿಚ್ಚಿದ್ದೆ, ಎಡ ಬಲ ಅದಲು ಬದಲಾಗಿತ್ತು. ಪೀಣ್ಯದ ಲೇತ್ ಅಂಗಡಿಯಿಂದ ಸಣ್ಣ ಅಂತರ ಅಳೆಯುವ ಡಯಲ್ ಗೇಜ್ ತಂದು, ಬ್ಯಾಕ್‌ಲ್ಯಾಷ್ (ಗೇರ್ ಹಲ್ಲುಗಳ ನಡುವಿನ ಸಡಿಲು) 0.12 ಎಂಎಂ ಸುಮಾರಿಗೆ ನಿಲ್ಲಿಸಿ, ಕ್ರೌನ್ ಎಂಬ ದೊಡ್ಡ ಗೇರ್‌ನ ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ಹಲ್ಲು ಎಲ್ಲಿ ತಾಗುತ್ತದೆಂದು ಅಚ್ಚು ನೋಡಿದೆ. ನಾಲ್ಕನೇ ಸಲಕ್ಕೆ ಗುರುತು ಹಲ್ಲಿನ ನಡುವೆ ಬಿತ್ತು. ಲಾಕರ್‌ನ ಪುಟ್ಟ ಸ್ಪ್ರಿಂಗ್‌ಗಳು ಹಾರದ ಹಾಗೆ ಒಬ್ಬನೇ ಜೋಡಿಸಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಹಿಂದಿನ ಎರಡೂ ಚಕ್ರ ಎತ್ತಿ, ಗೇರ್‌ನಲ್ಲಿಟ್ಟು, ಒಂದನ್ನು ಹಿಂದಕ್ಕೆ ಒತ್ತಿ ಹಿಡಿದೆ. ಇನ್ನೊಂದನ್ನು ಮುಂದಕ್ಕೆ ತಿರುಗಿಸಿದರೆ ಕಟ್ ಕಟ್ ಎನ್ನುತ್ತಾ ಹೋಯಿತು. ಎರಡನ್ನೂ ಒಟ್ಟಿಗೆ ಒಂದೇ ಕಡೆಗೆ ತಿರುಗಿಸಲು ನೋಡಿದೆ, ಕಲ್ಲಿನ ಹಾಗೆ ನಿಂತವು. ಅಂದರೆ ಲಾಕರ್ ಸರಿಯಾಗಿ ಕೂತಿತ್ತು. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಈ ಮಳೆಗಾಲದಲ್ಲಿ ಅದೇ ಹಳ್ಳಕ್ಕೆ ಹೋದೆ, ಅದೇ ಗೆಳೆಯರ ಜೊತೆ. ಎಡ ಚಕ್ರ ಮೇಲೆದ್ದಿತು, ಬಲ ಚಕ್ರ ಕಚ್ಚಿತು, ಗಾಡಿ ಹತ್ತಿತು. ಹಿಂದೆ ಬಂದ ಎರಡು ಗಾಡಿಗಳನ್ನು ನಾನೇ ಎಳೆದೆ.