ಎಲ್ಕ್ ಬೇಟೆಗೆ ರೈಫಲ್ ಗುಂಡು ಆರಿಸುವುದು ಹೇಗೆ?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಮಾತು. ಅಮೆರಿಕದ ಕೊಲೊರಾಡೊ, ಮೊಂಟಾನಾ, ವಯೋಮಿಂಗ್‌ಗಳಲ್ಲಿ ಹಾಗಲ್ಲ, ಲೈಸೆನ್ಸ್ ಪಡೆದು ಎಲ್ಕ್ ಬೇಟೆಯಾಡಬಹುದು. ಅಲ್ಲಿ ನೆಲೆಸಿ, ಮೊದಲ ಸಲ ಹೊರಟವರಿಗಾಗಿ ಈ ಬರಹ.

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಬೆಳೆದ ಗಂಡು 300 ಕೆ.ಜಿ. ದಾಟುತ್ತದೆ. ಭುಜದ ಮೂಳೆ ದಪ್ಪ, ಜೀವವೂ ಗಟ್ಟಿ. ಈಡು ಸರಿಯಾಗಿ ಬೀಳದಿದ್ದರೆ ಗಾಯಗೊಂಡೇ ಮೈಲಿಗಟ್ಟಲೆ ಓಡಿ, ಎಲ್ಲೋ ನರಳಿ ಸಾಯುತ್ತದೆ. ಹಾಗಾಗಬಾರದು ಅಂತಲೇ ಇಷ್ಟೆಲ್ಲ ಯೋಚನೆ.

ಮೊದಲು ಆ ರಾಜ್ಯದ ಈ ವರ್ಷದ ನಿಯಮ ಓದಿ. ಕೊಲೊರಾಡೊದಲ್ಲಿ ಎಲ್ಕ್‌ಗೆ ಗುಂಡಿನ ವ್ಯಾಸ ಕನಿಷ್ಠ .24 ಇಂಚು, ತೂಕ ಕನಿಷ್ಠ 85 ಗ್ರೇನ್ ಇರಬೇಕು (ಒಂದು ಗ್ರಾಂ ಅಂದರೆ ಸುಮಾರು 15 ಗ್ರೇನ್). ತಾಗಿದಾಗ ಅರಳುವ ಗುಂಡೇ ಆಗಬೇಕು. ಆದರೆ ಇದು ಕಾನೂನಿನ ಕನಿಷ್ಠ ಅಷ್ಟೇ, ಎಲ್ಕ್‌ಗೆ ಇಷ್ಟು ಸಾಕು ಅಂತ ನಾನಂತೂ ಹೇಳುವುದಿಲ್ಲ. ಕಾಡತೂಸಿನ ಬಗೆ .270 ಆದರೆ 140–150 ಗ್ರೇನ್, .308 ಅಥವಾ .30-06 ಆದರೆ 165–180 ಗ್ರೇನ್ ನಂಬಬಹುದಾದ ತೂಕ. ಹೆಚ್ಚು ಮದ್ದಿನ ಕಾಡತೂಸು ಹಾಕುವ ಮ್ಯಾಗ್ನಮ್ ರೈಫಲ್ಲೇ ಬೇಕು ಅಂತ ಅಂಗಡಿಯವರು ಹೇಳಬಹುದು. ಅದರ ಒದೆತಕ್ಕೆ ಹೆದರಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚುವವರಿಗೆ .308ರಲ್ಲಿ ನೆಟ್ಟಗೆ ಹೊಡೆಯುವುದೇ ಎಷ್ಟೋ ಮೇಲು.

ಕ್ಯಾಲಿಬರ್‌ಗಿಂತ, ಅಂದರೆ ಗುಂಡಿನ ವ್ಯಾಸಕ್ಕಿಂತ, ಮುಖ್ಯವಾದದ್ದು ಗುಂಡನ್ನು ಹೇಗೆ ಕಟ್ಟಿದ್ದಾರೆ ಅನ್ನುವುದು, ಜನ ತಲೆ ಕೆಡಿಸಿಕೊಳ್ಳದೇ ಇರುವುದೂ ಇದರ ಬಗ್ಗೆಯೇ. ಒಳ್ಳೆಯ ಗುಂಡು ಮೈಗೆ ಹೊಕ್ಕಾಗ ಅಣಬೆಯ ಹಾಗೆ ಅರಳಬೇಕು, ಚೂರಾಗದೆ ಶ್ವಾಸಕೋಶದವರೆಗೂ ಹೋಗಬೇಕು. ಸೀಸಕ್ಕೆ ತೆಳು ತಾಮ್ರದ ಹೊದಿಕೆ ಹಾಕಿದ ಮಾಮೂಲಿ ಗುಂಡು ಅಗ್ಗ, ಜಿಂಕೆಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹತ್ತಿರದಿಂದ, ಜಾಸ್ತಿ ವೇಗದಲ್ಲಿ ಎಲ್ಕ್‌ನ ಭುಜದ ಮೂಳೆಗೆ ಬಡಿದರೆ ಅಲ್ಲೇ ಒಡೆದುಹೋಗಬಹುದು. ಅದಕ್ಕೇ ಸೀಸವನ್ನು ಹೊದಿಕೆಗೆ ಬೆಸೆದಿರುವ ಬಾಂಡೆಡ್ ಗುಂಡು, ನಡುವೆ ತಾಮ್ರದ ಗೋಡೆ ಇರುವ ನೋಸ್ಲರ್ ಪಾರ್ಟಿಷನ್, ಇಲ್ಲವೇ ಬಾರ್ನ್ಸ್ ಕಂಪನಿಯದರಂಥ ಪೂರ್ತಿ ತಾಮ್ರದ ಗುಂಡು ತಗೊಳ್ಳಿ.

ನನ್ನ ಒಲವು ತಾಮ್ರದ ಕಡೆಗೆ. ಸೀಸದ ಗುಂಡಿನ ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸದಲ್ಲೂ ಸೇರಿಕೊಳ್ಳುತ್ತವೆ, ಕಣ್ಣಿಗೆ ಕಾಣುವುದೇ ಇಲ್ಲ. ಆ ಮಾಂಸ ಮನೆಯಲ್ಲಿ ಮಕ್ಕಳ ತಟ್ಟೆಗೆ ಬರುತ್ತದೆ, ಅಲ್ವಾ? ಕಾಡಲ್ಲೇ ಬಿಟ್ಟ ಕರುಳು ತಿಂದ ಹದ್ದುಗಳಿಗೂ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳಿಗೂ ಸೀಸದ ವಿಷ ಏರುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ.

ತಾಮ್ರಕ್ಕೆ ಎರಡು ಎಚ್ಚರಿಕೆ. ಅದು ಸೀಸಕ್ಕಿಂತ ಹಗುರ ಲೋಹ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. 180ರ ಬದಲು 165 ಅಥವಾ 168 ಗ್ರೇನ್ ಸಾಕು. ಇನ್ನೊಂದು, ವೇಗ ಕಡಿಮೆಯಾದರೆ ಅದು ಅರಳುವುದಿಲ್ಲ, ಸುಮ್ನೆ ತೂತು ಮಾಡಿ ಆಚೆ ಹೋಗುತ್ತದೆ. ಅರಳಲು ಕನಿಷ್ಠ ಎಷ್ಟು ವೇಗ ಬೇಕು ಅಂತ ತಯಾರಕರೇ ತಿಳಿಸುತ್ತಾರೆ, ಸಾಮಾನ್ಯವಾಗಿ ಸೆಕೆಂಡಿಗೆ 1,800ರಿಂದ 2,000 ಅಡಿ. ನಿಮ್ಮ ಕಾಡತೂಸಿನ ವೇಗ ಎಷ್ಟು ದೂರದಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೆ ಅಂತ ತಯಾರಕರ ಪಟ್ಟಿಯಲ್ಲಿ ನೋಡಿ. ಅದರಾಚೆ ಎಲ್ಕ್ ನಿಂತಿದ್ದರೆ ಹೊಡೆಯಬೇಡಿ.

ಕೊನೆಗೆ ಪರೀಕ್ಷೆ. ಒಂದೇ ಗುಂಡು ಎಲ್ಲ ನಳಿಗೆಗೂ ಒಗ್ಗುವುದಿಲ್ಲ. ಎರಡು ಮೂರು ಬಗೆಯ ಪೆಟ್ಟಿಗೆ ತನ್ನಿ, ರೇಂಜ್‌ನಲ್ಲಿ ಮೇಜಿನ ಮೇಲಿನ ಮರಳುಚೀಲದ ಮೇಲೆ ರೈಫಲ್ ಇಟ್ಟು 100 ಗಜಕ್ಕೆ ಮೂರು ಮೂರು ಈಡು ಹೊಡೆಯಿರಿ. ನಡುವೆ ನಳಿಗೆ ತಣ್ಣಗಾಗಲು ಬಿಡಿ. ಮೂರೂ ಎರಡು ಇಂಚಿನೊಳಗೆ ಬಿದ್ದರೆ ಧಾರಾಳ ಸಾಕು. ಆಮೇಲೆ ಮೊಣಕಾಲೂರಿ, ಕೂತು ಹೊಡೆದು ಅಭ್ಯಾಸ ಮಾಡಿ, ಬೆಟ್ಟದಲ್ಲಿ ಮೇಜು ಸಿಗುವುದಿಲ್ಲ. ಒಗ್ಗಿದ ಗುಂಡು ಗೊತ್ತಾದ ಕೂಡಲೇ ಅದೇ ಲಾಟ್ ನಂಬರಿನ (ಒಂದೇ ಕಂತಿನಲ್ಲಿ ತಯಾರಾದ) ಇನ್ನೆರಡು ಪೆಟ್ಟಿಗೆ ತಂದಿಡಿ, ಸೀಸನ್ ಹತ್ತಿರ ಬಂದಾಗ ಅಂಗಡಿಯಲ್ಲಿ ಸಿಗದೇ ಹೋಗಬಹುದು.