ಪತ್ತನಾಜೆ ಕಳೆದರೆ ನನಗೆ ಸೆಟ್ಟುಗಳದ್ದೇ ಚಿಂತೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್. ಮದುಮಗಳ ಮೇಕಪ್ ಜೊತೆಗೆ ಆಭರಣದ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತೇನೆ. ಎಲ್ಲಾ ಒಂದು ಗ್ರಾಂ ಚಿನ್ನದ್ದೇ. ಹೆಸರಷ್ಟೇ ಚಿನ್ನ, ಒಳಗಿರುವುದು ಹಿತ್ತಾಳೆ ಇಲ್ಲವೇ ತಾಮ್ರ. ಮೇಲಿನ ಗಿಲೀಟು ಎಷ್ಟೋ ಸಲ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿ.

ಪತ್ತನಾಜೆ ಅಂದರೆ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ತುಳುನಾಡಿನಲ್ಲಿ ಬರುವ ದಿನ. ಅದು ಕಳೆದ ಮೇಲೆ ದೈವಗಳ ನೇಮ, ಕೋಲ, ಯಕ್ಷಗಾನದ ಆಟ ಎಲ್ಲಾ ನಿಲ್ಲುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಮೊದಲ ವರ್ಷ ಸರಗಳನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮಳೆ ಬಡಿಯುವ ಪಡುಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟುಬಿಟ್ಟೆ. ಚೌತಿ ಹೊತ್ತಿಗೆ ತೆಗೆದರೆ, ರಬ್ಬರ್ ಕೂತಿದ್ದ ಜಾಗದಲ್ಲೇ ಸರಿಯಾಗಿ ಒಂದು ಕಪ್ಪು ಗೆರೆ. ರಬ್ಬರಿನಲ್ಲಿ ಗಂಧಕ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಒಂದು ಜುಮುಕಿಯ ಹಿಂದೆ ಶಂಕರಪುರ ಮಲ್ಲಿಗೆಯ ಒಣಗಿದ ಎಸಳು, ಅದರ ಸುತ್ತ ಹಸಿರು ಹುಡಿ.

ಗಾಬರಿಯಲ್ಲಿ ಹಳೇ ಬ್ರಷ್‌ಗೆ ಟೂತ್‌ಪೇಸ್ಟ್ ಹಾಕಿ ಪದಕ ಉಜ್ಜಿದೆ. ಒಂದು ಕ್ಷಣ ಫಳಫಳ. ಒರೆಸಿ ನೋಡಿದರೆ ಲಕ್ಷ್ಮಿಯ ಮೂಗು, ಮೊಣಕಾಲು ಎರಡೂ ಕೆಂಪು! ಉಬ್ಬಿದ ಜಾಗದ ಗಿಲೀಟು ಹೋಗಿ ತಾಮ್ರ ಇಣುಕಿತ್ತು. ಅತ್ತೆ ಬಂದು ನೋಡಿ, "ದೀಪ ತಿಕ್ಕಿದ ಹಾಗೆ ತಿಕ್ಕಿದ್ರೆ ಉಳಿಯುತ್ತದಾ ಮಾರಾಯ್ತಿ?" ಅಂದರು. ನಿಜವೇ. ಗಿಲೀಟನ್ನು ತಿಕ್ಕಿ ಬೆಳಗಲು ಆಗುವುದಿಲ್ಲ, ಕಪ್ಪಾಗದ ಹಾಗೆ ಒಣಗಿಸಿ ಇಡಬೇಕು ಅಷ್ಟೇ.

ಈಗ ಸೆಟ್ ವಾಪಸ್ ಬಂದ ರಾತ್ರಿಯೇ ಕೂರುತ್ತೇನೆ, ಎಷ್ಟೇ ಸುಸ್ತಾಗಿದ್ದರೂ. ಬೆವರಿನ ಉಪ್ಪು ರಾತ್ರಿಯಿಡೀ ಕೂತರೆ ಕೆಟ್ಟಿತು. ಹಳೇ ಮಲ್ ಬಟ್ಟೆಯನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒತ್ತಿ ಒತ್ತಿ ಒರೆಸುವುದು. ಕಲ್ಲಿನ ಸೆಟ್ಟನ್ನು ನೀರಿಗೆ ಅದ್ದುವುದೇ ಇಲ್ಲ, ಕಲ್ಲಿನ ಹಿಂದೆ ನೀರು ಹೋದರೆ ಒಳಗೇ ಕಪ್ಪಾಗುತ್ತದೆ. ಆಮೇಲೆ ಫ್ಯಾನ್ ಕೆಳಗೆ ಬೆಳಗಿನವರೆಗೆ. ಡ್ರೈಯರ್ ಹಿಡಿಯುವುದಾದರೆ ತಣ್ಣನೆ ಗಾಳಿ ಮಾತ್ರ, ಬಿಸಿಗೆ ಗೋಂದು ಬಿಡುತ್ತದೆ.

ಒಂದೊಂದಕ್ಕೂ ಬೇರೆ ಜಿಪ್ ಕವರ್. ಗಾಳಿ ಒತ್ತಿ ತೆಗೆದು, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ. ಚಪ್ಪಲಿ ಡಬ್ಬದಲ್ಲಿ ಸಿಗುತ್ತದಲ್ವಾ, ಅದೇ. ಆದರೆ ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣ ಒಂದೆರಡು ದಿನದಲ್ಲೇ ತೇವ ಹೀರಿ ತುಂಬಿರುತ್ತದೆ, ಅದನ್ನು ಹಾಕಿ ಪ್ರಯೋಜನವಿಲ್ಲ. ಕವರುಗಳೆಲ್ಲ ಬಿಸ್ಕೆಟ್ ಡಬ್ಬಕ್ಕೆ, ಡಬ್ಬ ಒಳಗೋಡೆಯ ಕಪಾಟಿಗೆ.

ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ಅಂತ ತುಂಬಾ ಜನ ಹೇಳುತ್ತಾರೆ. ಓಲೆಯ ಹಿಂಬದಿಗೆ ಸರಿ. ಮುಂದೆ ಹಚ್ಚಿದರೆ ಸ್ವಲ್ಪ ದಿನದಲ್ಲಿ ಸಿಪ್ಪೆ ಏಳುತ್ತದೆ, ನನಗಂತೂ ಇಷ್ಟವಿಲ್ಲ.

ಮದುಮಗಳಿಗೂ ಒಂದೇ ಮಾತು ಹೇಳುತ್ತೇನೆ: ಸೆಂಟು, ಹೇರ್ ಸ್ಪ್ರೇ ಎಲ್ಲಾ ಮುಗಿದ ಮೇಲೆಯೇ ಸರ. ತೆಗೆಯುವಾಗ ಅದೇ ಮೊದಲು. ಆ ಲಕ್ಷ್ಮಿ ಪದಕಕ್ಕೆ ಮತ್ತೆ ಗಿಲೀಟು ಹಾಕಿಸಲು ಕೇಳಿದೆ, ಹೊಸದರ ರೇಟಿನ ಹತ್ತಿರವೇ ಬಂತು. ಬಿಟ್ಟೆ. ಮೊನ್ನೆ ಒಬ್ಬಳು ಹುಡುಗಿ ಅದನ್ನೇ ಹಿಡಿದು, "ಅಕ್ಕ, ಈ ಆಂಟಿಕ್ ಫಿನಿಶ್ ಚಂದ ಉಂಟು, ಬಾಡಿಗೆ ಎಷ್ಟು?" ಅಂದಳು.