ಡೇಟಾಬೇಸನ್ನು ಓಕೆಆರ್ ಟೂಲ್‌ಗೆ ಜೋಡಿಸುವುದು ಹೇಗೆ?

ಕಂಪನಿಯ ತ್ರೈಮಾಸಿಕ ಗುರಿಗಳನ್ನು ಓಕೆಆರ್ (ಗುರಿಗಳು ಮತ್ತು ಅವನ್ನು ಅಳೆಯುವ ಫಲಿತಾಂಶಗಳು) ಟೂಲ್‌ನಲ್ಲಿ ಬರೆದಿಡುತ್ತಾರೆ. ಪ್ರತಿ ಸೋಮವಾರ ಯಾರೋ ಕೂತು ಮಾರಾಟದ ಅಂಕಿ ತುಂಬುತ್ತಾರೆ, ಎರಡನೇ ತಿಂಗಳಿಗೆ ಅದು ನಿಂತುಹೋಗುತ್ತದೆ. ಡೇಟಾಬೇಸಿನಿಂದ ಅಂಕಿ ತಾನಾಗಿ ಬರುವಂತೆ ಮಾಡುವುದು ಕಷ್ಟವಲ್ಲ. ಆದರೆ ಸಂಪರ್ಕ ಸರಿಯಾಗಿದ್ದೂ ಅಂಕಿ ತಪ್ಪು ಬರುತ್ತಿರುವುದನ್ನು ಬಹಳ ಕಡೆ ನೋಡಿದ್ದೇನೆ. ಇಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಿಡಿದು ಹೇಳುತ್ತೇನೆ.

ಮೊದಲು ವ್ಯೂ, ಅಂದರೆ ಹೆಸರಿಟ್ಟು ಉಳಿಸಿದ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ). ಟೂಲ್‌ಗೆ ನಿಮ್ಮ ಟೇಬಲ್‌ಗಳನ್ನು ತೋರಿಸಲೇಬೇಡಿ. ಒಂದು ಗುರಿಗೆ ಒಂದು ವ್ಯೂ, ಅದರಲ್ಲಿ ಒಂದೇ ಸಾಲು, ಒಂದೇ ಸಂಖ್ಯೆ. ಎಡವುವುದೆಲ್ಲ ಇಲ್ಲೇ.

ಆರ್ಡರ್ ಟೇಬಲನ್ನು ಐಟಂ ಟೇಬಲ್ ಜೊತೆ ಜಾಯಿನ್ ಮಾಡಿ (ಜೋಡಿಸಿ) ಮೊತ್ತ ಕೂಡಿದರೆ, ಆರ್ಡರ್ ಮೊತ್ತ ಪ್ರತಿ ಐಟಂ ಸಾಲಿನಲ್ಲೂ ಮತ್ತೆ ಬರುವುದರಿಂದ ಮೂರು ಐಟಂ ಇರುವ 900 ರೂಪಾಯಿಯ ಆರ್ಡರ್ 2,700 ಆಗುತ್ತದೆ. ಒಟ್ಟು ಮೊತ್ತ ಬೇಕಿದ್ದರೆ ಆರ್ಡರ್ ಟೇಬಲ್ ಒಂದೇ ಸಾಕು. ರದ್ದಾದ, ಹಣ ಹಿಂತಿರುಗಿಸಿದ ಆರ್ಡರ್‌ಗಳನ್ನು ಅಲ್ಲೇ ಲೆಕ್ಕದಿಂದ ಹೊರಗಿಡಿ. ಒಂದೂ ಆರ್ಡರ್ ಇಲ್ಲದಿದ್ದರೆ ಮೊತ್ತ ಕೂಡುವ ಸಮ್ ಫಂಕ್ಷನ್ ಸೊನ್ನೆ ಕೊಡುವುದಿಲ್ಲ, ನಲ್ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಅದಕ್ಕೆ ಕೋಅಲೆಸ್ ಫಂಕ್ಷನ್ ಹಾಕಿ ಸೊನ್ನೆ ಮಾಡಿ.

ಇನ್ನು ಸಮಯ. ಕ್ಲೌಡ್ ಡೇಟಾಬೇಸ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಜಾವ 5 ಗಂಟೆಗೆ ಬಂದ ಆರ್ಡರ್ ಅದರ ಪಾಲಿಗೆ ಮಾರ್ಚ್ 31ರ ರಾತ್ರಿ 11:30ರದ್ದು. ಅಂದರೆ ಹಿಂದಿನ ಆರ್ಥಿಕ ವರ್ಷದ್ದು! ಸಮಯದ ಕಾಲಂ ಟೈಮ್‌ಸ್ಟ್ಯಾಂಪ್‌ಟಿಝಡ್ (ಟೈಮ್ ಝೋನ್ ಅರಿಯುವ ಬಗೆ) ಆಗಿದ್ದರೆ 'ಅಟ್ ಟೈಮ್ ಝೋನ್ ಏಷ್ಯಾ/ಕೋಲ್ಕತಾ' ಒಮ್ಮೆ ಬರೆದರೆ ಸಾಕು. ಬರೀ ಟೈಮ್‌ಸ್ಟ್ಯಾಂಪ್‌ನಲ್ಲಿ ಯುಟಿಸಿ ಸಮಯ ತುಂಬಿದ್ದರೆ ಮೊದಲು ಯುಟಿಸಿ ಎಂದು ಹೇಳಿ, ಆಮೇಲೆ ಕೋಲ್ಕತಾ ಎನ್ನಬೇಕು. ಇಲ್ಲದಿದ್ದರೆ ಸಮಯ ಉಲ್ಟಾ ದಿಕ್ಕಿಗೆ ಸರಿಯುತ್ತದೆ.

ಮುಂದಕ್ಕೆ ಹೋಗುವ ಮೊದಲು, ಲೆಕ್ಕಪತ್ರ ವಿಭಾಗದವರು ಮುಗಿಸಿಟ್ಟ ಹಳೆಯ ತಿಂಗಳೊಂದನ್ನು ತೆಗೆದುಕೊಳ್ಳಿ. ಅದೇ ಕ್ವೆರಿಯನ್ನು ಆ ತಿಂಗಳಿಗೆ ಓಡಿಸಿ ಅವರ ಮೊತ್ತದೊಂದಿಗೆ ತಾಳೆ ನೋಡಿ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಹೊಂದದಿದ್ದರೆ ಜೋಡಿಸಬೇಡಿ.

ಆಮೇಲೆ ಯೂಸರ್. ಟೂಲ್‌ಗೆಂದೇ ಹೊಸ ಯೂಸರ್ ಮಾಡಿ, ಆ ವ್ಯೂ ಮೇಲೆ ಮಾತ್ರ ಸೆಲೆಕ್ಟ್ (ಓದುವ) ಅನುಮತಿ ಕೊಡಿ. ವ್ಯೂ ತನ್ನ ಒಡೆಯನ ಅನುಮತಿಯಲ್ಲಿ ಓಡುವುದರಿಂದ ಒಳಗಿನ ಟೇಬಲ್‌ಗಳ ಮೇಲೆ ಬೇರೆ ಅನುಮತಿ ಬೇಕಿಲ್ಲ. 'ಸದ್ಯಕ್ಕೆ ಇರಲಿ' ಎಂದು ಅಡ್ಮಿನ್ ಪಾಸ್‌ವರ್ಡ್ ಕೊಡುವವರಿದ್ದಾರೆ. ಆ ಸದ್ಯ ವರ್ಷಗಟ್ಟಲೆ ಮುಂದುವರಿಯುತ್ತದೆ. ಅಂಕಿ ಓದುವುದಕ್ಕೂ ಬರೆಯುವ ಅನುಮತಿ ಕೇಳುವ ಟೂಲ್ ಆದರೆ ಅದನ್ನು ಕೊಳ್ಳಲೇಬೇಡಿ.

ಜೋಡಿಸುವ ಕೆಲಸ ಐದು ನಿಮಿಷದ್ದು: ಹೋಸ್ಟ್ (ಸರ್ವರ್ ವಿಳಾಸ), ಪೋರ್ಟ್ (ಸಾಮಾನ್ಯವಾಗಿ 5432), ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್. ಎಸ್‌ಎಸ್‌ಎಲ್ (ದಾರಿಯಲ್ಲಿ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವ್ಯವಸ್ಥೆ) ಕಡ್ಡಾಯ ಮಾಡಿ. ಫೈರ್‌ವಾಲ್‌ನಲ್ಲಿ ಟೂಲ್‌ನವರು ಕೊಟ್ಟ ಐಪಿ ವಿಳಾಸಗಳನ್ನಷ್ಟೇ ಒಳಗೆ ಬಿಡಿ. ಸಂಪರ್ಕ ಸಿಗಲಿಲ್ಲವೆಂದು 0.0.0.0/0 (ಯಾವ ವಿಳಾಸವಾದರೂ ಸರಿ) ಹಾಕಿದರೆ ಇಡೀ ಲೋಕಕ್ಕೆ ಬಾಗಿಲು ತೆರೆದಂತೆ.

ಟೂಲ್‌ನಲ್ಲಿ ನೇರ ಸಂಪರ್ಕದ ಸೌಲಭ್ಯವಿಲ್ಲದಿದ್ದರೆ ಚಿಕ್ಕ ಸ್ಕ್ರಿಪ್ಟ್ ಬರೆದು, ಕ್ರಾನ್‌ನಲ್ಲಿಟ್ಟು (ನಿಗದಿತ ಸಮಯಕ್ಕೆ ತಾನೇ ಓಡಿಸುವ ವ್ಯವಸ್ಥೆ), ಟೂಲ್‌ನ ಎಪಿಐ (ಪ್ರೋಗ್ರಾಂಗಳು ಮಾತಾಡುವ ದಾರಿ) ಮೂಲಕ ಅಂಕಿ ಕಳಿಸಿ. ನನಗೆ ಇದೇ ಹೆಚ್ಚು ಇಷ್ಟ, ಡೇಟಾಬೇಸನ್ನು ಹೊರಗಿನವರಿಗೆ ತೆರೆಯಬೇಕಾಗಿಯೇ ಇಲ್ಲ. ದಿನಕ್ಕೊಮ್ಮೆ, ಬೆಳಗ್ಗೆ 6ಕ್ಕೆ ಓಡಿದರೆ ಸಾಕು. ಸ್ಕ್ರಿಪ್ಟ್ ವಿಫಲವಾದ ದಿನ ನಿಮಗೊಂದು ಮೇಲ್ ಬರುವಂತೆ ಮಾಡಿಡಿ.